ಒದ್ದ ಮೇಲೆ ಕಣ್ಣಿಗೊತ್ತಿಕೊಳ್ಳಬಾರದು

ಕರಾಟೆ ಕ್ಲಾಸಿಗೆ ಸೇರಿದಾಗ ನನಗೆ ನಲವತ್ತಾರು ವರ್ಷ. ಸಕ್ಕರೆ ಕಾಯಿಲೆ ಬಾಗಿಲಲ್ಲೇ ನಿಂತಿದೆ, ದಿನಾ ವಾಕಿಂಗ್ ಮಾಡಿ ಎಂದು ಡಾಕ್ಟರು ಹೇಳಿದ್ದರು. ನಮ್ಮ ಬಡಾವಣೆ ಗೋಪಾಳದ ಪಾರ್ಕಿನಲ್ಲಿ ಒಂದು ವಾರ ನಡೆದು ನೋಡಿದೆ. ಅಲ್ಲಿ ಕಾಲಿಗಿಂತ ಬಾಯಿಯೇ ಜಾಸ್ತಿ ನಡೆಯುತ್ತದೆ. ಯಾರ ಮಗಳಿಗೆ ಗಂಡು ಒಪ್ಪಲಿಲ್ಲ, ಯಾರ ಸೊಸೆ ಹೋಟೆಲಿನಿಂದ ಇಡ್ಲಿ ತರಿಸಿದಳು ಎಂಬುದೆಲ್ಲ ಒಂದು ಸುತ್ತು ಮುಗಿಯುವಷ್ಟರಲ್ಲಿ ಕಿವಿಗೆ ಬಿದ್ದು ನನ್ನ ಬಿ.ಪಿ.ಯೂ ಏರುತ್ತಿತ್ತು. ಪಾರ್ಕಿನ ಪಕ್ಕದ ಸಮುದಾಯ ಭವನದಲ್ಲಿ ಸಂಜೆ ಹೊತ್ತು ಮಕ್ಕಳು ಬಿಳಿ ಬಟ್ಟೆ ಹಾಕಿಕೊಂಡು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದರು. ನನಗೂ ಬಹಳ ವರ್ಷದಿಂದ ಕಿರುಚಬೇಕು ಅನಿಸುತ್ತಿತ್ತು. ಹೋಗಿ ಸೇರಿಕೊಂಡೆ.

ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು "ಯಾರನ್ನ ಹೊಡೀಬೇಕು ಅಂತ?" ಎಂದು ಕೇಳಿ, ಉತ್ತರ ಬಂದರೆ ಕಷ್ಟ ಎಂದು ಟಿ.ವಿ. ಸದ್ದು ಜಾಸ್ತಿ ಮಾಡಿದರು. ಅತ್ತೆ ನನ್ನ ಹೊಸ ಬಿಳಿ ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿ, "ದಪ್ಪ ಬಟ್ಟೆ. ಕೊಳೆಯಾದ್ರೆ ಹೋಗಲ್ಲ. ನೀನೇ ಒಗ್ಕೋ" ಎಂದರು. ಅವರ ಆಶೀರ್ವಾದದ ಶೈಲಿಯೇ ಹಾಗೆ. ಎಪ್ಪತ್ತು ದಾಟಿದ ಹೆಂಗಸು. ಹಣೆಯ ತುಂಬ ವಿಭೂತಿ, ನಾಲಿಗೆಯ ತುಂಬ ಖಾರ. ಎಡ ಮಂಡಿ ಎಂದೋ ಕೆಟ್ಟಿದೆ, ಕುಂಟುತ್ತ ನಡೆಯುತ್ತಾರೆ, ಕೇಳಿದವರಿಗೆಲ್ಲ ಸಂಧಿವಾತ ಎನ್ನುತ್ತಾರೆ. ಆ ಮಂಡಿಗೆ ದಿನಾ ಎಣ್ಣೆ ತಿಕ್ಕುವುದು ನನ್ನ ಪಾಲಿನ ಕೆಲಸ. ನಾವಿಬ್ಬರೂ ಜಗಳವಾಡದೆ ಕೂರುವ ಹೊತ್ತು ಅದೊಂದೇ.

ನಮ್ಮೂರಿನಲ್ಲಿ ಯಾವುದನ್ನಾದರೂ ಬಿಡದೆ ಕಲಿಯುವುದಕ್ಕೆ ಇರುವ ದೊಡ್ಡ ಶತ್ರು ಸೋಮಾರಿತನ ಅಲ್ಲ, ಸಮುದಾಯ ಭವನ. ಅದನ್ನು ಕಟ್ಟಿಸಿದ್ದೇ ನಾಮಕರಣ, ಸೀಮಂತ, ಷಷ್ಟಿಪೂರ್ತಿಗಳಿಗೆ. ಕರಾಟೆಗೆ ಕೊಟ್ಟಿದ್ದು ಖಾಲಿ ಬಿಟ್ಟರೆ ಜೇಡ ಕಟ್ಟುತ್ತದೆ ಎಂದು. ಯಾರದ್ದಾದರೂ ಮನೆಯಲ್ಲಿ ಮಗು ಹುಟ್ಟಿದರೆ ನಾವೆಲ್ಲ ಟೆರೇಸಿಗೆ. ಅಲ್ಲಿ ಒಣಹಾಕಿದ ಜಮಖಾನಗಳ ಮಧ್ಯೆ, ಕೆಳಗಿನಿಂದ ಏರಿ ಬರುವ ಸಾರಿನ ಒಗ್ಗರಣೆಯ ವಾಸನೆಯಲ್ಲಿ, ಜಪಾನಿ ಭಾಷೆಯಲ್ಲಿ ಎಣಿಸುತ್ತ ಗಾಳಿಗೆ ಗುದ್ದುತ್ತಿದ್ದೆವು. ಕೆಳಗೆ ಹೋಳಿಗೆ ಬಡಿಸುವಾಗ ಮೇಲೆ ಶಿಸ್ತು ಉಳಿಸಿಕೊಳ್ಳುವುದು ಜಪಾನಿನವರಿಗೂ ಕಷ್ಟವಾಗುತ್ತಿತ್ತು ಎಂದು ನನ್ನ ಅನುಮಾನ. ಎಷ್ಟೋ ಮಕ್ಕಳು ಬೆಲ್ಟ್ ಬಿಚ್ಚಿ ಜೇಬಿಗೆ ತುರುಕಿಕೊಂಡು ಪಂಕ್ತಿಯಲ್ಲಿ ಕೂತುಬಿಡುತ್ತಿದ್ದರು. ಕೂತವರು ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ಕೇಳುವ ಒರಟುತನ ನಮ್ಮ ಜನಕ್ಕಿಲ್ಲ.

ನಾನು ಮಾತ್ರ ಬಿಡಲಿಲ್ಲ. ಶ್ರಾವಣ ಬಂತು, ಬಿಡಲಿಲ್ಲ. ನಾದಿನಿಯ ಮನೆಯ ಗೃಹಪ್ರವೇಶಕ್ಕೆ ಊಟದ ಹೊತ್ತಿಗೆ ಹೋಗಿ ಕೈ ತೊಳೆದವಳೇ ಬಂದೆ. "ಒಂದಿನ ಬಿಟ್ರೆ ಏನಾಗುತ್ತೆ?" ಎಂದು ಕೇಳದವರು ಯಾರೂ ಇಲ್ಲ. ಒಂದಿನ ಬಿಟ್ಟರೆ ಏನೂ ಆಗುವುದಿಲ್ಲ, ಅದೇ ತೊಂದರೆ. ಸಂಗೀತ, ಹೊಲಿಗೆ, ಇಂಗ್ಲಿಷ್ ಮಾತಾಡುವ ಕೋರ್ಸು ಎಲ್ಲವನ್ನೂ ನಾನು ಆ ಒಂದಿನದಲ್ಲೇ ಬಿಟ್ಟವಳು.

ತೊಂದರೆ ಬಂದದ್ದು ಬೇರೆ ಕಡೆಯಿಂದ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಕ್ಲಾಸಿನ ಅರ್ಧ ಮಕ್ಕಳು ನಮ್ಮ ಶಾಲೆಯವರೇ. ಅವರಿಗೆ ನಾನು ಎದುರಾಳಿ ಅಲ್ಲ, ಮಿಸ್ಸು. ಎದುರುಬದುರು ನಿಲ್ಲಿಸಿ ಹೊಡೆದಾಡಿ ಎಂದರೆ, "ಮಿಸ್, ಒದೀಲಾ ಮಿಸ್?" ಎಂದು ಅಪ್ಪಣೆ ಕೇಳುತ್ತಿದ್ದರು. ಅಪ್ಪಿತಪ್ಪಿ ಕಾಲು ತಾಗಿದರೆ ಆಟ ನಿಲ್ಲಿಸಿ, ನನ್ನನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡು ಮತ್ತೆ ಶುರು ಮಾಡುತ್ತಿದ್ದರು. ನಮ್ಮಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ. ಬಸ್ಸಿನಲ್ಲಿ ಕಾಲು ತಾಗಿದರೂ ಅಷ್ಟೇ, ಪುಸ್ತಕಕ್ಕೆ ತಾಗಿದರೂ ಅಷ್ಟೇ, ಮಲಗಿದ ಮಗುವಿಗೆ ತಾಗಿದರೂ ಅಷ್ಟೇ. ಮಾಸ್ತರರು ತಲೆ ತಲೆ ಚಚ್ಚಿಕೊಂಡರು. ಹಗಲು ಮೊಬೈಲ್ ರಿಪೇರಿ ಅಂಗಡಿ ನಡೆಸಿ ಸಂಜೆ ಕರಾಟೆ ಹೇಳಿಕೊಡುವ ಸಜ್ಜನ. "ಕರಾಟೇಲಿ ಕಾಲು ತಾಗ್ಲೇಬೇಕ್ರೋ!" ಎಂದು ಕೂಗುತ್ತಿದ್ದರು.

ಮಕ್ಕಳನ್ನು ನೋಡಿ ನಾನೂ ನಗುತ್ತಿದ್ದೆ. ಹಸಿರು ಬೆಲ್ಟಿನ ಪರೀಕ್ಷೆಗೆ ಭದ್ರಾವತಿಗೆ ಹೋದ ದಿನ ನಗು ಇಳಿಯಿತು. ಕಾರ್ಖಾನೆಯ ಕ್ವಾರ್ಟರ್ಸ್ ಕಡೆಯ ಹಳೆಯ ಸಭಾಂಗಣ. ಪರೀಕ್ಷಕರು ಮಂಗಳೂರಿನ ಕಡೆಯಿಂದ ಬಂದವರು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ. ಒಬ್ಬರೇ ಮಾಡುವ ವರಸೆಗಳನ್ನೆಲ್ಲ ಚೆನ್ನಾಗಿಯೇ ಮಾಡಿದೆ. ಹೊಡೆದಾಟದಲ್ಲಿ ನನ್ನ ಎದುರಿಗೆ ನಿಂತ ಹೆಂಗಸಿನ ಪಕ್ಕೆಗೆ ಒಂದು ಒದೆತ ಸರಿಯಾಗಿ ಬಿತ್ತು. ಕ್ಲಾಸಿಗೆ ಸೇರಿದಾಗಿನಿಂದ ನಾನು ಒದ್ದ ಮೊದಲ ಒದೆತ ಎನ್ನಬಹುದಾದ ಒದೆತ. ಒದ್ದವಳೇ ಏನು ಮಾಡಿದೆ? ಬಗ್ಗಿದೆ, ಅವಳನ್ನು ಮುಟ್ಟಿದೆ, ಕಣ್ಣಿಗೊತ್ತಿಕೊಂಡೆ. ಬೆರಳು ಇನ್ನೂ ರೆಪ್ಪೆಯ ಮೇಲಿರುವಾಗಲೇ ಅವಳು ನನ್ನ ಹೆಗಲಿಗೆ ಗುದ್ದಿದಳು. ಮುಗ್ಗರಿಸಿ ಕೂತೆ.

ಪರೀಕ್ಷಕರು ಹತ್ತಿರ ಬಂದು, "ಏನು ಮಾಡಿದ್ದು ನೀವು?" ಎಂದು ಕೇಳಿದರು.

"ಕಾಲು ತಾಗಿತು ಸರ್."

"ತಾಗಲಿ ಅಂತಲೇ ಅಲ್ವಾ ಒದ್ದದ್ದು?"

ಇಪ್ಪತ್ತು ವರ್ಷದಿಂದ ಮಕ್ಕಳನ್ನು ಬೋರ್ಡಿನ ಮುಂದೆ ನಿಲ್ಲಿಸಿ ಇಂಥವೇ ಪ್ರಶ್ನೆ ಕೇಳಿದ ನಾನು, ಆವತ್ತು ಬೋರ್ಡಿನ ಮುಂದೆ ನಿಂತಿದ್ದೆ. ಫೇಲಾದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಾಸ್ತರರು ಪಕ್ಕಕ್ಕೆ ಬಂದು ಕೂತರು. ಮಲವಗೊಪ್ಪ ಬರುವವರೆಗೂ ಕೆಮ್ಮುತ್ತಿದ್ದು ಕೊನೆಗೆ, "ಬೇಜಾರ್ ಮಾಡ್ಕೋಬೇಡಿ ಮಿಸ್. ಮುಂದಿನ ಸಲ ಏನಾದ್ರೂ ಹೀಗೇ ಆದ್ರೆ ಗೌರವದ ಬೆಲ್ಟ್ ಅಂತ ಕೊಡಿಸ್ತೀನಿ. ನಾನು ಮಾತಾಡ್ತೀನಿ. ನಿಮ್ಮ ವಯಸ್ಸಿಗೆ ಇಷ್ಟು ಮಾಡಿದ್ದೇ ದೊಡ್ಡದು. ಒಂದು ಶಾಲು ಹೊದಿಸಿ, ಹಾರ ಹಾಕಿ, ನೀವು ಪೇರೆಂಟ್ಸಿಗೆ ನಾಲ್ಕು ಮಾತಾಡಿ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಈ ಊರಿನಲ್ಲಿ ಒಬ್ಬರನ್ನು ಕೆಲಸದಿಂದ ಆಚೆ ಇಡುವ ಅತ್ಯಂತ ಸಭ್ಯ ವಿಧಾನವೆಂದರೆ ಶಾಲು ಹೊದಿಸುವುದು. ಹೊದಿಸಿದ ಮೇಲೆ ಮನುಷ್ಯ ಕೈ ಎತ್ತುವಂತಿಲ್ಲ, ಜಾರುತ್ತದೆ. ನನಗೆ ಬೇಕಾಗಿದ್ದದ್ದು ನಾನೇ ಒದ್ದು ಗಳಿಸಿದ ಹಸಿರು ಬೆಲ್ಟ್. ಮುಂದಿನ ಪರೀಕ್ಷೆಯಲ್ಲೂ ಕೈ ಕಣ್ಣಿಗೆ ಹೋದರೆ ಗೌರವದ ಬೆಲ್ಟಿಗೆ ಕೊರಳೊಡ್ಡುವ ಬದಲು ಕ್ಲಾಸನ್ನೇ ಬಿಡುವುದು ಎಂದು ಆ ಬಸ್ಸಿನಲ್ಲೇ ತೀರ್ಮಾನಿಸಿದೆ. ತೀರ್ಮಾನ ಮಾಡುವಾಗ ಎದುರಿನ ಸೀಟಿನವರಿಗೆ ಕಾಲು ತಾಗಿತು. ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಮನೆಗೆ ಬಂದು ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುತ್ತ ನಡೆದದ್ದನ್ನೆಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. "ಅಭ್ಯಾಸ ಮಾಡ್ಬೇಕಪ್ಪ ಅದನ್ನ" ಎಂದರು.

"ಯಾರನ್ನ ಒದ್ದು ಅಭ್ಯಾಸ ಮಾಡ್ಲಿ ಅತ್ತೆ? ಮಕ್ಕಳು ನಿಂತ್ಕೊಳ್ಳಲ್ಲ."

"ನನ್ನೇ ಒದಿ. ನನ್ನನ್ನ ಒದ್ದು ಕೈ ಮುಗೀದೆ ಇರೋದು ಕಲಿತ್ರೆ, ಆಮೇಲೆ ಆ ಶಿವನೇ ಎದುರಿಗೆ ಬಂದ್ರೂ ಮುಗಿಯಲ್ಲ ನೀನು."

ತಮಾಷೆ ಎಂದುಕೊಂಡೆ. ಮಾರನೇ ದಿನ ಶಾಲೆಯಿಂದ ಬರುವಷ್ಟರಲ್ಲಿ ಸೋಫಾವನ್ನು ಗೋಡೆಗೆ ಒತ್ತರಿಸಿ, ಮೊಣಕಾಲ ಮೇಲೆ ಒಂದು ಕೈಯಲ್ಲಿ ದಿಂಬು ನಿಲ್ಲಿಸಿಕೊಂಡು ಕೂತಿದ್ದರು. ಇನ್ನೊಂದು ಕೈಯಲ್ಲಿ ಲಟ್ಟಣಿಗೆ. ದಿಂಬಿಗೆ ಮೆಲ್ಲಗೆ ಒದ್ದೆ. ಕೈ ತನ್ನಷ್ಟಕ್ಕೆ ಇಳಿಯಿತು. ಲಟ್ಟಣಿಗೆ ಮಣಿಕಟ್ಟಿನ ಮೇಲೆ ಟಪ್ಪೆಂದಿತು. "ಇನ್ನೊಂದ್ಸಲ" ಎಂದರು. ಮತ್ತೆ ಒದೆತ, ಮತ್ತೆ ಲಟ್ಟಣಿಗೆ. ಸೊಸೆಗೆ ಹೊಡೆಯಲು ಇಷ್ಟು ನ್ಯಾಯವಾದ ಕಾರಣ ಅವರಿಗೆ ಹಿಂದೆ ಎಂದೂ ಸಿಕ್ಕಿರಲಿಲ್ಲ. ಬಹಳ ಲವಲವಿಕೆಯಿಂದ ಇದ್ದರು.

ಕೆಲವು ದಿನಗಳಲ್ಲಿ ದಿಂಬು ತೆಳ್ಳಗಾಯಿತು. ಅತ್ತೆ ಟ್ರಂಕು ತೆಗೆದು ಮಾವನವರಿಗೆ ಬಂದಿದ್ದ ಸನ್ಮಾನದ ಶಾಲುಗಳನ್ನೆಲ್ಲ ಎತ್ತಿಕೊಂಡು ಬಂದರು. ಮಾವನವರು ಭದ್ರಾವತಿಯ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು. ಕ್ವಾರ್ಟರ್ಸಿನ ಗಣಪತಿ ಕಮಿಟಿ, ನಿವೃತ್ತಿ, ಅದು ಇದು ಎಂದು ಬಹಳ ಸನ್ಮಾನವಾಗಿತ್ತು. ನಡುಮನೆಯ ಗೋಡೆಯ ಫೋಟೋದಲ್ಲೂ ಒಂದನ್ನು ಹೊದ್ದುಕೊಂಡೇ ಇದ್ದಾರೆ. "ಇವುಗಳ ಜರಿ ಚುಚ್ಚುತ್ತೆ, ಹೊದೆಯೋಕೂ ಆಗಲ್ಲ, ಒರೆಸೋಕೂ ಆಗಲ್ಲ" ಎಂದು ಒಂದೊಂದಾಗಿ ದಿಂಬಿನ ಚೀಲಕ್ಕೆ ತುಂಬಿ, ಬಾಯಿ ಹೊಲಿದರು. ದಿಂಬು ಗಟ್ಟಿಯಾಯಿತು. ಈಗ ಜೋರಾಗಿ ಒದೆಯಬಹುದಿತ್ತು.

ಎದುರುಮನೆಯವರು ಹೆಪ್ಪು ಕೇಳಲು ಬಂದದ್ದು ಅಂಥ ಒಂದು ಸಂಜೆ. ಕಿಟಕಿಯಲ್ಲಿ ಇಣುಕಿದ್ದಾರೆ. ಬಿಳಿ ಬಟ್ಟೆಯಲ್ಲಿ ನಾನು "ಹಾಯ್!" ಎಂದು ಕಿರುಚಿ ಅತ್ತೆಯ ಕಡೆ ಕಾಲೆತ್ತಿದ್ದೇನೆ. ಹೆಪ್ಪು ಕೇಳದೆಯೇ ವಾಪಸ್ ಹೋದರು. ಕತ್ತಲಾಗುವುದರೊಳಗೆ ಪಾರ್ಕಿನಲ್ಲಿ ಮೂರು ಸುತ್ತು ಹೊಡೆದ ಸುದ್ದಿ ಭದ್ರಾವತಿ ತಲುಪಿ, ನಾದಿನಿಯ ಫೋನು ಬಂತು.

"ಅತ್ತಿಗೆ, ಅಮ್ಮನ್ನ ಒದೀತಿದೀರಂತೆ?"

ನಾನು ತಡವರಿಸುವಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡರು. "ಹೂಂ ಕಣೇ, ದಿನಾ ಒದೀತಾಳೆ. ಇನ್ನೂ ಸರಿಯಾಗಿ ಬೀಳ್ತಿಲ್ಲ. ನಾಳೆಯಿಂದ ಬೆಳಿಗ್ಗೇನೂ ಒದಿ ಅಂದಿದೀನಿ" ಎಂದು ಹೇಳಿ ಇಟ್ಟರು. ನಮ್ಮ ಯಜಮಾನರು ಒಂದು ವಾರ ತಲೆ ಎತ್ತಿ ಬೀದಿಯಲ್ಲಿ ನಡೆಯಲಿಲ್ಲ. ಹೆಂಡತಿ ಒದೆಯುವುದು ಹಾಗಿರಲಿ, ತಾಯಿಯೇ ಅದಕ್ಕೆ ವೇಳಾಪಟ್ಟಿ ಹಾಕಿದ್ದಾಳೆ ಎಂಬುದನ್ನು ಅವರಿಗೆ ಯಾರಿಗೂ ವಿವರಿಸಲು ಆಗುತ್ತಿರಲಿಲ್ಲ.

ಹೀಗೇ ಒಂದು ಸಂಜೆ ಗುರಿ ತಪ್ಪಿತು. ದಿಂಬಿನ ಅಂಚಿಗೆ ತಾಗಿದ ಕಾಲು ಜಾರಿ ಅವರ ಬಲ ಮಂಡಿಗೆ ಬಡಿಯಿತು. "ಅಮ್ಮಾ" ಎಂದರು. ನಾನು ನೆಲಕ್ಕೆ ಕುಸಿದು, ಮಂಡಿ ಹಿಡಿದು, ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಳು ಬಂದಿತ್ತು. ವಯಸ್ಸಾದವರನ್ನು ಒದ್ದು ಬೆಲ್ಟ್ ಕಟ್ಟಿಕೊಳ್ಳಬೇಕಾ ನಾನು ಎಂದು ನನ್ನ ಮೇಲೇ ಅಸಹ್ಯವಾಯಿತು. ಲಟ್ಟಣಿಗೆ ಬೀಳುತ್ತದೆ ಎಂದು ಕಾದೆ. ಬೀಳಲಿಲ್ಲ.

ಅತ್ತೆ ಗೋಡೆಯ ಫೋಟೋದ ಕಡೆ ನೋಡುತ್ತಿದ್ದರು. "ನಿಮ್ಮ ಮಾವ ಒಂದ್ಸಲಾನೂ ಹೀಗೆ ಕಣ್ಣಿಗೊತ್ಕೊಂಡಿಲ್ಲ, ಮಾರಾಯ್ತಿ" ಎಂದರು, ಸಾರಿಗೆ ಉಪ್ಪು ಕಮ್ಮಿ ಎಂದು ಹೇಳುವ ದನಿಯಲ್ಲಿ. "ನಾನೇ ಎದ್ದು ಹೋಗಿ, ಅವ್ರ ಕಾಲಿಗೆ ಏನಾದ್ರೂ ಪೆಟ್ಟಾಯ್ತಾ ಅಂತ ನೋಡ್ತಿದ್ದೆ. ಶಿಫ್ಟಿಗೆ ಹೋಗ್ಬೇಕಿತ್ತಲ್ಲ."

ಇಪ್ಪತ್ತು ವರ್ಷದಿಂದ ಆ ಫೋಟೋಗೆ ಹಬ್ಬಹಬ್ಬಕ್ಕೂ ಹಾರ ಹಾಕಿದವಳು ನಾನು. ಮಾವನವರು ನನಗೆ ಒಂದು ಏರುದನಿಯ ಮಾತೂ ಆಡಿದವರಲ್ಲ.

"ಕಣ್ಣೊರೆಸ್ಕೊ. ದಿಂಬು ಎತ್ಕೊಡು" ಎಂದರು ಅತ್ತೆ. "ಇನ್ನೊಂದ್ಸಲ ಒದಿ. ಜೋರಾಗಿ."

ಒದ್ದೆ. ಆವತ್ತು ಕೈ ಇಳಿಯಲಿಲ್ಲ.

ಎರಡನೇ ಪರೀಕ್ಷೆಗೆ ಅತ್ತೆ ತಾವೂ ಬರುತ್ತೇನೆ ಎಂದು ಹಠ ಹಿಡಿದರು. ಭದ್ರಾವತಿಯ ಆ ಸಭಾಂಗಣ ಅವರಿಗೆ ಗೊತ್ತಿದ್ದದ್ದೇ. ಮಾವನವರ ನಿವೃತ್ತಿಯ ಸನ್ಮಾನ ಅಲ್ಲೇ ಆಗಿತ್ತಂತೆ. ಹೆಂಗಸರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದರಂತೆ. ಈ ಸಲ ಅವರು ನೇರ ಮುಂದಿನ ಸಾಲಿಗೆ ಹೋಗಿ, ಯಾರದ್ದೋ ಅಪ್ಪನನ್ನು ಎಬ್ಬಿಸಿ ಕೂತರು.

ನನ್ನ ಎದುರಾಳಿ ಕ್ವಾರ್ಟರ್ಸಿನ ಕಡೆಯ ಹುಡುಗಿ, ಕಾಲೇಜು ಓದುತ್ತಿದ್ದವಳು. ಅವಳ ತಾಯಿ ಅತ್ತೆಯ ಪಕ್ಕದಲ್ಲೇ ಕೂತು ತಮಿಳಿನಲ್ಲಿ "ವಿಡಾದೇ, ವಿಡಾದೇ!" ಎಂದು ಹುರಿದುಂಬಿಸುತ್ತಿದ್ದರು. ಬಿಡಬೇಡ ಎಂದರ್ಥ ಎಂಬುದು ಭದ್ರಾವತಿಯಲ್ಲಿ ಸಂಸಾರ ಮಾಡಿದ ಅತ್ತೆಗೆ ಚೆನ್ನಾಗಿ ಗೊತ್ತು. ಅವರೂ ಸ್ವಲ್ಪ ಹೊತ್ತಿನಲ್ಲೇ ನನಗೆ ತಮಿಳಿನಲ್ಲೇ ಕೂಗತೊಡಗಿದರು.

ಹುಡುಗಿ ಚುರುಕಾಗಿದ್ದಳು. ಅವಳ ಮೊದಲ ಒದೆತ ನನ್ನ ತೊಡೆಗೆ ಬಿತ್ತು. ಬಿದ್ದ ತಕ್ಷಣ ಅವಳು "ಸಾರಿ ಆಂಟಿ" ಎಂದು ಬಗ್ಗಿ, ಮುಟ್ಟಿ, ಕೈಯನ್ನು ಕಣ್ಣಿಗೆ ಒಯ್ದಳು. ಅವಳ ಬೆನ್ನು ಪೂರ್ತಿ ನನ್ನ ಮುಂದಿತ್ತು. ಒಂದು ಗುದ್ದು ಹಾಕಿದ್ದರೆ ಅಂಕ ನನ್ನದು. ಹಾಕಲಿಲ್ಲ. ಪರೀಕ್ಷಕರು ಹುಬ್ಬು ಗಂಟಿಕ್ಕಿ, "ಈ ಜಿಲ್ಲೆಯಲ್ಲಿ ಯಾರಾದರೂ ಒಬ್ಬರು ಹೊಡೆದಾಡುತ್ತೀರಾ?" ಎಂದು ಕೇಳಿದರು.

"ಆಂಟಿ ಅಲ್ಲ ಕಣಮ್ಮಾ" ಎಂದೆ ನಾನು ಹುಡುಗಿಗೆ, ಅವಳಿಗಷ್ಟೇ ಕೇಳುವ ಹಾಗೆ. "ಒದಿ. ಕಣ್ಣಿಗೊತ್ಕೋಬೇಡ. ನಾನೂ ಒತ್ಕೊಳ್ಳಲ್ಲ."

ಆಮೇಲೆ ಆ ಹುಡುಗಿ ಒದ್ದದ್ದನ್ನು ನಾನು ಇನ್ನೂ ಮರೆತಿಲ್ಲ. ಪಕ್ಕೆ ಹದಿನೈದು ದಿನ ನೀಲಿಯಾಗಿತ್ತು. ಆದರೆ ಎಷ್ಟೋ ವರ್ಷದ ನಂತರ ಯಾರೋ ನನ್ನನ್ನು ಮಿಸ್ಸು, ಆಂಟಿ, ಹಿರಿಯರು ಎಂದು ಬದಿಗೆ ಸರಿಸದೆ ಸುಮ್ಮನೆ ಒದ್ದಿದ್ದರು. ನನಗೆ ಎಷ್ಟು ಖುಷಿಯಾಯಿತೆಂದರೆ ಅದನ್ನು ಹೇಳಿಕೊಳ್ಳಲು ನಾಚಿಕೆ. ಹಿಂದಕ್ಕೆ ಸರಿದೆ, ಉಸಿರು ಎಳೆದುಕೊಂಡೆ, ಅವಳು ಮುಂದೆ ಬಂದಾಗ ತಿರುಗಿ ಒದ್ದೆ. ಸರಿಯಾಗಿ ಬಿತ್ತು. ಅವಳು ತತ್ತರಿಸಿ ನಿಂತಳು.

ನನ್ನ ಬಲಗೈ ಸೊಂಟದಿಂದ ಹೊರಟಿತು. ನಿಜವಾಗಿಯೂ ಹೊರಟಿತು. ಅಷ್ಟು ದಿನದ ಲಟ್ಟಣಿಗೆ ನೀರುಪಾಲಾಯಿತು ಎಂದುಕೊಂಡೆ.

"ಕೈ!" ಎಂದು ಮುಂದಿನ ಸಾಲಿನಿಂದ ಒಂದು ಗರ್ಜನೆ. ಪರೀಕ್ಷಕರೂ ಬೆಚ್ಚಿ ತಮ್ಮ ಕೈ ನೋಡಿಕೊಂಡರು. ನನ್ನ ಕೈ ನಡುದಾರಿಯಲ್ಲೇ ಮುಷ್ಟಿಯಾಗಿ ನಿಂತಿತು. ನಾನು ಅವಳನ್ನೇ ನೋಡುತ್ತ ನಿಂತೆ, ಅವಳು ನನ್ನನ್ನೇ ನೋಡುತ್ತ ನಿಂತಳು. ಮತ್ತೆ ಹೊಡೆದಾಡಿದೆವು.

ಇಬ್ಬರೂ ಪಾಸಾದೆವು. ಮಾಸ್ತರರು ಮುಂಜಾಗ್ರತೆಯಾಗಿ ತಂದಿದ್ದ ಶಾಲನ್ನು ಚೀಲದೊಳಗೇ ಒತ್ತಿಟ್ಟುಕೊಂಡು ಚಪ್ಪಾಳೆ ಹೊಡೆದರು. ಹಸಿರು ಬೆಲ್ಟ್ ಕಟ್ಟಿದ ಮೇಲೆ ಪರೀಕ್ಷಕರಿಗೆ ಬಗ್ಗಿ ವಂದಿಸುವುದು ಪದ್ಧತಿ. ವಂದಿಸಿದೆ. ಅವರು ಮೊದಲ ಬಾರಿಗೆ ತುಟಿಯ ಒಂದು ಕೊನೆ ಎತ್ತಿ, "ಅದು ಯಾರು, ನಿಮ್ಮ ಕೋಚಾ?" ಎಂದು ಮುಂದಿನ ಸಾಲನ್ನು ತೋರಿಸಿದರು. ಹೌದು ಎಂದೆ.

ಅತ್ತೆಯ ಕುರ್ಚಿಯ ಹತ್ತಿರ ಹೋಗಿ ಅವರ ಕಾಲ ಬಳಿ ನೆಲದ ಮೇಲೆ ಕೂತೆ. ಸಭಾಂಗಣದಲ್ಲಿ ಮಕ್ಕಳು ಕೂಗಾಡುತ್ತಿದ್ದರು, ತಾಯಂದಿರು ಫೋಟೋ ತೆಗೆಯುತ್ತಿದ್ದರು, ಯಾರೂ ನಮ್ಮ ಕಡೆ ನೋಡುತ್ತಿರಲಿಲ್ಲ. ನಾನು ಅವರ ಬಲ ಮಂಡಿಯನ್ನು, ಆವತ್ತು ನನ್ನ ಕಾಲು ಜಾರಿ ಬಡಿದ ಮಂಡಿಯನ್ನು, ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪರೀಕ್ಷೆ ಮುಗಿದಿತ್ತಲ್ಲ, ಇನ್ನು ಯಾರೂ ಅಂಕ ಕಳೆಯುವಂತಿರಲಿಲ್ಲ.

ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಎರಡೂ ಕೈಯಲ್ಲಿ ಹಿಡಿದು ಎಡಗಾಲನ್ನು ನಿಧಾನಕ್ಕೆ ಮುಂದೆ ತಂದರು.

"ಇದಕ್ಕೂ" ಎಂದರು.

"ಅದಕ್ಕೆ ನಾನು ಒದ್ದಿಲ್ಲ ಅತ್ತೆ."

"ಗೊತ್ತು. ಒತ್ಕೋ."

ಸಂಧಿವಾತ ಎಂದುಕೊಂಡು ನಾನು ದಿನಾ ಎಣ್ಣೆ ತಿಕ್ಕುತ್ತಿದ್ದ ಆ ಮಂಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕೈ ತೆಗೆಯಲು ಹೋದಾಗ, ಇನ್ನೂ ಸ್ವಲ್ಪ ಹೊತ್ತು ಇರಲಿ ಎನ್ನುವಂತೆ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು.